ಪತ್ರದ ಕೊನೇ ಸಾಲು

ಪ್ರಶ್ನೆ: ನನಗೆ 27 ವರ್ಷ. ಊರು ಮಂಡ್ಯದ ಹತ್ತಿರ. ಮೈಸೂರಿನ ಖಾಸಗಿ ಆಸ್ಪತ್ರೆಯೊಂದರ ಐಸಿಯುನಲ್ಲಿ ಸ್ಟಾಫ್ ನರ್ಸ್. ಎರಡು ತಿಂಗಳ ಹಿಂದೆ ನನ್ನ ನೈಟ್ ಡ್ಯೂಟಿಯಲ್ಲಿ 6ನೇ ಬೆಡ್ಡಿನ ಪೇಷೆಂಟ್ ತೀರಿಕೊಂಡರು. ಮನೆಯವರು ನನ್ನನ್ನೇ ಬೈದರು. ಆಮೇಲಿಂದ ನಿದ್ದೆಯಿಲ್ಲ. ರೂಮಿನಲ್ಲೂ ಮಾನಿಟರ್ ಸದ್ದು ಕೇಳಿಸುತ್ತದೆ. ಮನೋವೈದ್ಯರ ಹತ್ತಿರ ಹೋದರೆ ಕೆಲಸ ಹೋಗುತ್ತಾ? ಇತ್ತೀಚೆಗೆ ಬದುಕೇ ಬೇಡ ಅನ್ನಿಸುತ್ತಿದೆ.

(ಪತ್ರ ಉದ್ದವಿತ್ತು, ಚಿಕ್ಕದು ಮಾಡಿದ್ದೇನೆ.)

ತಂಗಿ, ಒಂದೂವರೆ ಪುಟ ಆ ರಾತ್ರಿಯ ಬಗ್ಗೆಯೇ ಬರೆದಿದ್ದೀರಿ. ಬಿಪಿ ಯಾವಾಗ ಇಳಿಯಿತು, ಡಾಕ್ಟರಿಗೆ ಎಷ್ಟೊತ್ತಿಗೆ ಫೋನ್ ಮಾಡಿದಿರಿ, ಎಲ್ಲ ಕೇಸ್ ಶೀಟ್ ಥರ ಇದೆ. ಬದುಕು ಬೇಡ ಅನ್ನೋದು ಮಾತ್ರ ಒಂದೇ ಸಾಲು, ಅದೂ ಕೊನೆಗೆ. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ.

ಆ ಯೋಚನೆ ಈಗಲೂ ಇದೆಯಾ? ನೇರವಾಗಿ ಕೇಳುತ್ತಿದ್ದೇನೆ, ಬೇಜಾರಾಗಬೇಡಿ. ಕೇಳಿದರೆ ಜಾಸ್ತಿಯಾಗುತ್ತದೆ ಅನ್ನುವುದು ಸುಳ್ಳು. ಹೌದು ಅನ್ನುವುದಾದರೆ ಇದನ್ನು ಇಲ್ಲಿಗೇ ಬಿಟ್ಟು ಪಿಜಿಯಲ್ಲಿರುವ ಗೆಳತಿಯನ್ನು ಎಬ್ಬಿಸಿ. ಒಬ್ಬರೇ ಇರಬೇಡಿ. ರೂಮಿನಲ್ಲಿರುವ ಮಾತ್ರೆಗಳನ್ನೆಲ್ಲ ಅವಳ ಕೈಗೆ ಕೊಡಿ. 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 2022ರಿಂದ ಇದೆ. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ತಡೆಯೋಕೆ ಆಗ್ತಿಲ್ಲ ಅನ್ನಿಸಿದರೆ ಅವಳನ್ನು ಕರೆದುಕೊಂಡು ಆಟೊ ಹತ್ತಿ, ಹತ್ತಿರದ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ.

ಇನ್ನು ಕೆಲಸದ ಭಯ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ನಿಮ್ಮ ಚಿಕಿತ್ಸೆಯ ವಿಷಯ ಗುಟ್ಟಾಗಿರಬೇಕು. ವೈದ್ಯರು ನಿಮ್ಮನ್ನು ಕೇಳದೆ ಮ್ಯಾನೇಜ್‌ಮೆಂಟಿಗೆ ಹೇಳುವ ಹಾಗಿಲ್ಲ. ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಅಲ್ಲಿ ಪರಿಚಯದವರು ಸಿಕ್ಕಿಬಿಟ್ಟರೆ ಅಂತ ಮುಜುಗರವಾದರೆ ಮಂಡ್ಯದ ಸರ್ಕಾರಿ ಆಸ್ಪತ್ರೆ ಮಿಮ್ಸ್‌ಗೆ ಹೋಗಿ. ಮಾತ್ರೆ ಕೊಟ್ಟರೆ ಗುಣ ಕಾಣಲು ಎರಡು ಮೂರು ವಾರ ಬೇಕು. ಇದನ್ನು ಪೇಷೆಂಟುಗಳಿಗೆ ನೀವೇ ಹೇಳಿರುತ್ತೀರಿ, ಅಲ್ವಾ?

ಇನ್‌ಚಾರ್ಜ್ ಸಿಸ್ಟರಿಗೆ ಹೇಳಿ ಸ್ವಲ್ಪ ದಿನ ನೈಟ್ ಬಿಡಿಸಿಕೊಳ್ಳಿ. ಔಷಧದ ಕಪಾಟಿನ ಜವಾಬ್ದಾರಿಯೂ ಸದ್ಯಕ್ಕೆ ಬೇಡ. ಕಾರಣ ಪೂರ್ತಿ ಹೇಳಬೇಕೆಂದಿಲ್ಲ, ನಿದ್ದೆ ಬರ್ತಿಲ್ಲ ಅಂದರೆ ಸಾಕು. ನಿದ್ದೆಗೆಟ್ಟ ತಲೆಗೆ ಎಲ್ಲವೂ ಕತ್ತಲಾಗಿಯೇ ಕಾಣುವುದು.

ಆ ರಾತ್ರಿ ನೀವು ಮಾಡಬೇಕಾದ್ದನ್ನು ಮಾಡಿದ್ದೀರಿ ಅಂತ ನಿಮ್ಮ ಪತ್ರವೇ ಹೇಳುತ್ತದೆ. ನನಗೆ ಸಿಟ್ಟು ಬಂದದ್ದು ಬೇರೆ ಕಡೆ. ಬೆಡ್ ಖಾಲಿಯಾದ ಅರ್ಧ ಗಂಟೆಗೇ ಹೊಸ ಅಡ್ಮಿಷನ್ ಬಂತಂತೆ. ನೀವೇ ಬೆಡ್‌ಶೀಟ್ ಬದಲಿಸಿದಿರಂತೆ. ನಿಮ್ಮನ್ನು ಕೂರಿಸಿ ಒಂದು ಲೋಟ ನೀರು ಕೊಟ್ಟವರಿಲ್ಲ. ಸುಮ್ನೆ ಯೋಗ ಮಾಡಿ ಅಂತ ಗೋಡೆಗೆ ಪೋಸ್ಟರ್ ಅಂಟಿಸಿದರೆ ಆಯ್ತಾ?

ಅಮ್ಮನಿಗೆ ಏನೂ ಹೇಳಿಲ್ಲ, ಹೆದರಿಕೊಳ್ಳುತ್ತಾರೆ ಅಂದಿದ್ದೀರಿ. ದಿನಾ ಬೆಳಗ್ಗೆ ಡ್ಯೂಟಿ ಮುಗಿಯುವ ಹೊತ್ತಿಗೆ ಅವರು ಫೋನ್ ಮಾಡಿ "ಉಂಡ್ಯಾ ಮಗಾ?" ಅಂತಾರೆ, ನೀವು ಉಣ್ಣದಿದ್ದರೂ "ಹ್ಞೂಂ" ಅಂತೀರಿ. ನಾಳೆ ಹಾಗನ್ನಬೇಡಿ. "ಇಲ್ಲ ಕಣವ್ವ, ನಂಗೆ ಆಯ್ತಿಲ್ಲ, ಬಾ" ಅನ್ನಿ.