ಐದೂವರೆಗೆ ಏಳುವವರಿಗೆ ಬಡ್ತಿ ಇಲ್ಲವೇ?

11 ವರ್ಷ ಕೋಡ್ ಬರೆದಿದ್ದೀರಿ. ಆದರೂ ತುಮಕೂರಿನಿಂದ ಬೆಂಗಳೂರಿಗೆ ರೈಲು ಹಿಡಿಯಲು ಐದೂವರೆಗೆ ಏಳುತ್ತೀರಿ ಎಂಬ ಕಾರಣಕ್ಕೆ ಸಾಫ್ಟ್‌ವೇರ್ ವಿನ್ಯಾಸ ಮಾಡುವ ಆರ್ಕಿಟೆಕ್ಟ್ ಹುದ್ದೆ ಕೈತಪ್ಪಿತು, ರಾಜೀನಾಮೆ ಕೊಡಲೇ ಎಂದು ಕೇಳಿದ್ದೀರಿ. ಬೇಡ. ನಾನು ತುಮಕೂರಿನ ಪಕ್ಕದ ಕ್ಯಾತ್ಸಂದ್ರದವಳು, ಆ 70 ಕಿಲೋಮೀಟರ್ ಒಂಬತ್ತು ವರ್ಷ ಓಡಾಡಿದ್ದೇನೆ.

ಮೊದಲು, ಹುದ್ದೆ ಕೊಡದಿರಲು ಕಾರಣವೇನೆಂದು ಇಮೇಲ್‌ನಲ್ಲಿ ಕೇಳಿ. ‘ಅವರಿಗೆ ಮನೆ, ಮಕ್ಕಳು ಇದ್ದಾರಲ್ಲ’ ಎಂದು ಬಾಯಲ್ಲಿ ಹೇಳುವವರು ಬರೆದುಕೊಡಲು ಹಿಂಜರಿಯುತ್ತಾರೆ. ನನಗೂ ಹೀಗೇ ಆಗಿತ್ತು. ಎರಡು ವರ್ಷದಲ್ಲಿ ನಾನು ಮಾಡಿದ ವಿನ್ಯಾಸಗಳು, ಸರ್ವರ್ ಬಿದ್ದಾಗ ನಡುರಾತ್ರಿ ಎದ್ದು ಸರಿಪಡಿಸಿದ್ದು, ಎಲ್ಲವನ್ನೂ ದಿನಾಂಕ ಸಮೇತ ಒಂದೇ ಹಾಳೆಯಲ್ಲಿ ಬರೆದು ಕೊಟ್ಟೆ. ಹುದ್ದೆ ಸಿಗಲು ಮತ್ತೆ ಏಳು ತಿಂಗಳು ಹಿಡಿಯಿತು, ಸುಳ್ಳು ಹೇಳುವುದಿಲ್ಲ.

ಮಹಿಳೆಯರಿಗೆ ಕಂಪನಿ ಕಾಯ್ದೆಯ ಆಸರೆ ಇಲ್ಲಿ ಕಡಿಮೆ. ಷೇರುಪೇಟೆಯಲ್ಲಿರುವ ಕಂಪನಿಯ ನಿರ್ದೇಶಕ ಮಂಡಳಿಯಲ್ಲಿ ಒಬ್ಬ ಮಹಿಳೆಯಾದರೂ ಇರಬೇಕೆಂದು 2013ರ ಕಂಪನಿ ಕಾಯ್ದೆ ಹೇಳುತ್ತದೆ. ಅಲ್ಲಿಗೆ ಹತ್ತುವ ನಡುವಿನ ಮೆಟ್ಟಿಲುಗಳ ಬಗ್ಗೆ ಅದಕ್ಕೆ ಚಿಂತೆಯಿಲ್ಲ!

ಇನ್ನೊಂದು ಮಾತು. ಸಂಜೆ ಆರರ ಸಭೆಯನ್ನು ಬೆಳಗ್ಗೆ ಹನ್ನೊಂದಕ್ಕೆ ಬದಲಾಯಿಸುವಂತೆ ಒತ್ತಾಯಿಸಿ. ಮುಖ್ಯ ತೀರ್ಮಾನಗಳೆಲ್ಲ ಆಗುವುದು ಆ ಸಂಜೆಯ ಸಭೆಯಲ್ಲೇ, ನೀವು ಯಶವಂತಪುರ ದಾಟುತ್ತಿರುವಾಗ.