ಬಿಸಿನೆಸ್‌ಗೆ ಸೋಷಿಯಲ್ ಮೀಡಿಯಾ ಅಕೌಂಟ್ ಮಾಡ್ತಿದೀನಿ, ನನ್ನ ಸ್ವಂತ ಐಡಿಯಿಂದ ಮಾಡ್ಲಾ ಅಥವಾ ಸೇಫ್ಟಿಗೆ ಫೇಕ್ ಐಡಿ ಮಾಡ್ಕೊಳ್ಳಾ?

ಫೇಕ್ ಐಡಿ ಅಂತೂ ಬೇಡ್ವೇ ಬೇಡ. ಫೇಸ್‌ಬುಕ್ ಪೇಜ್ ಹಿಂದೆ ಒಂದು ಪರ್ಸನಲ್ ಪ್ರೊಫೈಲ್ ಇರ್ಲೇಬೇಕು, ಆದ್ರೆ ಅದು ಯಾರ್ದು ಅಂತ ಪೇಜ್ ನೋಡೋರಿಗೆ ಕಾಣ್ಸಲ್ಲ, ಹಾಗಾಗಿ ಹೆದರೋಕೆ ಏನಿಲ್ಲ. ಸುಳ್ಳು ಹೆಸರಿನ ಪ್ರೊಫೈಲ್ ಅವರ ರೂಲ್ಸ್‌ಗೇ ವಿರುದ್ಧ, ಯಾವತ್ತಾದ್ರೂ ಅದು ಬ್ಲಾಕ್ ಆಯ್ತು ಅಂದ್ರೆ ಪೇಜಿನ ಬೀಗದ ಕೈನೂ ಅದರ ಜೊತೇಲೇ ಹೋಯ್ತು.

ಪಾಸ್‌ವರ್ಡ್‌ಗಿಂತ ಮೊದ್ಲು ಅಕೌಂಟ್ ಯಾರ ಕೈಲಿದೆ ಅನ್ನೋದು ನೋಡ್ಕೊಳ್ಳಿ, ನಾನು ಎಡವಿದ್ದೇ ಅಲ್ಲಿ. ನಮ್ಮ ಮೊದಲನೇ ಅಕೌಂಟ್ ಮಾಡಿಕೊಟ್ಟಿದ್ದು ಕೆಲಸಕ್ಕಿದ್ದ ಒಬ್ಬ ಹುಡುಗ, ಅವನದೇ ಇಮೇಲು ಅವನದೇ ನಂಬರ್ರು, ಆಮೇಲೆ ಅವನು ಕೆಲಸ ಬಿಟ್ಟ, ಜಗಳ ಗಿಗಳ ಏನೂ ಇಲ್ಲ, ನಂಬರ್ ಬದಲಾಯಿಸ್ದ ಅಷ್ಟೇ. ಒಂದಿನ ಲಾಗೌಟ್ ಆಯ್ತು ನೋಡಿ, ಓಟಿಪಿ ಹೋಗ್ತಿರೋದು ಯಾರೋ ಗೊತ್ತಿಲ್ಲದೋರಿಗೆ. ಅಕೌಂಟ್ ಕಣ್ಣೆದುರಿಗೇ ಇದೆ, ಒಳಗೆ ಹೋಗೋಕಾಗಲ್ಲ.

ಅದಕ್ಕೇ ಬಿಸಿನೆಸ್‌ಗೇ ಅಂತ ಒಂದು ಇಮೇಲ್ ಮಾಡಿ, ನಂಬರ್ರೂ ಮಾಲೀಕರದ್ದೇ ಇರ್ಲಿ. (ಸ್ವಂತ ಡೊಮೈನ್, ಅಂದ್ರೆ ನೀವೇ ದುಡ್ಡು ಕೊಟ್ಟು ತಗೊಂಡ ವೆಬ್ ವಿಳಾಸದ ಇಮೇಲ್ ಆದ್ರೆ ರಿನ್ಯೂ ಮಾಡೋದು ಮರೀಬೇಡಿ, ಆ ಡೊಮೈನ್ ಬೇರೆಯವ್ರು ತಗೊಂಡ್ರೆ ನಿಮ್ಮ ಪಾಸ್‌ವರ್ಡ್ ರೀಸೆಟ್ ಮೇಲ್ ಅವರಿಗೇ ಹೋಗುತ್ತೆ.) ಪೂರ್ತಿ ಕಂಟ್ರೋಲ್ ನಿಮಗೆ, ಇನ್ನೊಬ್ಬ ನಂಬಿಕಸ್ತರಿಗೆ, ಸಾಕು. ಉಳಿದೋರಿಗೆ ಅವರವರ ಕೆಲಸಕ್ಕೆ ಬೇಕಾದಷ್ಟೇ ಆಕ್ಸೆಸ್. ಪಾಸ್‌ವರ್ಡ್ ಯಾರಿಗೂ ಕೊಡೋ ಅಗತ್ಯನೇ ಇಲ್ಲ, ಫೇಸ್‌ಬುಕ್ ಇನ್‌ಸ್ಟಾಗೆ ಮೆಟಾ ಬಿಸಿನೆಸ್ ಸೂಟ್ ಇದೆ, ಯೂಟ್ಯೂಬ್ ಸ್ಟುಡಿಯೋದಲ್ಲಿ ಪರ್ಮಿಷನ್ಸ್ ಅಂತಿದೆ ಮ್ಯಾನೇಜರ್, ಎಡಿಟರ್, ವ್ಯೂವರ್ ಅಂತೆಲ್ಲ, ಲಿಂಕ್ಡ್‌ಇನ್ನಲ್ಲೂ ಅಷ್ಟೆ.

ಹುಟ್ಟಿದ ತಾರೀಖು ಕೇಳಿದಾಗ ಕಂಪನಿ ಶುರುವಾದ ದಿನ ಹಾಕ್ಬೇಡಿ ಮತ್ತೆ! ಟ್ವಿಟರ್‌ನಲ್ಲಿ (ಈಗಿನ ಎಕ್ಸ್) ಹಾಗೆ ಹಾಕಿ ವಯಸ್ಸು 13ಕ್ಕಿಂತ ಕಮ್ಮಿ ಅಂತ ಲಾಕ್ ಆದ ಕಂಪನಿ ಅಕೌಂಟ್‌ಗಳು ಬೇಕಾದಷ್ಟಿವೆ.

ಟೂ ಫ್ಯಾಕ್ಟರ್, ಅಂದ್ರೆ ಪಾಸ್‌ವರ್ಡ್ ಜೊತೆ ಇನ್ನೊಂದು ಕೋಡೂ ಕೇಳೋದು, ಎಲ್ಲಾ ಕಡೆ ಆನ್ ಮಾಡಿ, ಮೊದ್ಲು ಇಮೇಲ್‌ಗೆ. ಎಸ್ಸೆಮ್ಮೆಸ್ ಬದ್ಲು ಅಥೆಂಟಿಕೇಟರ್ ಆ್ಯಪ್ (ಆ ಕೋಡ್ ಫೋನಲ್ಲೇ ತೋರಿಸೋ ಆ್ಯಪ್) ಒಳ್ಳೇದು, ನಿಮ್ಮ ಹೆಸರಲ್ಲಿ ಡುಪ್ಲಿಕೇಟ್ ಸಿಮ್ ತಗೊಂಡು ಓಟಿಪಿ ಹೊಡೆಯೋರು ಇದಾರೆ, ಮತ್ತೆ ಟ್ವಿಟರ್ ಅಂತೂ 2023ರ ಮಾರ್ಚ್‌ನಿಂದ ದುಡ್ಡು ಕಟ್ಟಿದೋರಿಗೆ ಮಾತ್ರ ಎಸ್ಸೆಮ್ಮೆಸ್ ಕೋಡ್ ಕಳಿಸೋದು. ಫೋನ್ ಇಲ್ಲದಾಗ ಒಳಗೆ ಹೋಗೋಕೆ ಬ್ಯಾಕಪ್ ಕೋಡ್ ಕೊಡ್ತಾರಲ್ಲ, ಅದನ್ನ ಅದೇ ಫೋನಲ್ಲಿ ಸ್ಕ್ರೀನ್‌ಶಾಟ್ ತೆಗೆದಿಟ್ಕೊಂಡ್ರೆ ಏನು ಬಂತು, ಫೋನ್ ಹೋದ್ರೆ ಅದೂ ಹೋಯ್ತು. ಪೇಪರ್ ಮೇಲೆ ಬರೆದು ಬೀರುನಲ್ಲಿಡಿ. ವಾಟ್ಸಾಪ್ ಬಿಸಿನೆಸ್‌ಗೆ 6 ಅಂಕಿ ಪಿನ್ ಇಟ್ಕೊಳ್ಳಿ, ಲಿಂಕ್ಡ್ ಡಿವೈಸಸ್ (ನಿಮ್ಮ ವಾಟ್ಸಾಪ್ ಬೇರೆ ಎಲ್ಲೆಲ್ಲಿ ಓಪನ್ ಇದೆ ಅನ್ನೋ ಪಟ್ಟಿ) ಆಗಾಗ ನೋಡ್ತಿರಿ.

ಇಷ್ಟೆಲ್ಲ ಮಾಡಿದ್ರೂ ಜನ ಸಿಕ್ಕಿಬೀಳೋದು ಮೆಸೇಜ್‌ಗಳಲ್ಲಿ. "ನಿಮ್ಮ ಪೇಜ್ ಕಾಪಿರೈಟ್ ಉಲ್ಲಂಘಿಸಿದೆ, 24 ಗಂಟೇಲಿ ಡಿಲೀಟ್ ಆಗುತ್ತೆ, ಈ ಲಿಂಕ್ ಒತ್ತಿ" ಅಂತ ಮೆಸೆಂಜರ್‌ಗೆ ಬರುತ್ತೆ, ನೀಲಿ ಲೋಗೋ ಎಲ್ಲ ಇರುತ್ತೆ. ನಿಜವಾಗ್ಲೂ ತೊಂದರೆ ಇದ್ರೆ ನೀವೇ ಆ್ಯಪ್ ಓಪನ್ ಮಾಡಿ ಅಕೌಂಟ್ ಸ್ಟೇಟಸ್ ನೋಡಿದ್ರೆ ಅಲ್ಲೇ ಇರುತ್ತೆ. ಇದಕ್ಕಿಂತ ಕಿಲಾಡಿ ಇನ್ನೊಂದು, ಪ್ರಮೋಷನ್ ಮಾಡಿಕೊಡಿ ಅಂತ ಮೇಲ್ ಮಾಡಿ ಜಿಪ್ ಫೈಲ್ ಕಳಿಸೋದು, ಓಪನ್ ಮಾಡಿದ್ರೆ ಬ್ರೌಸರ್‌ನ ಕುಕೀಸ್ (ನೀವು ಲಾಗಿನ್ ಆಗಿದೀರಿ ಅಂತ ನೆನಪಿಟ್ಕೊಳ್ಳೋ ಗುರುತು) ಕದ್ದು, ನೀವು ಆಗ್ಲೇ ಲಾಗಿನ್ ಆಗಿರೋ ಸೆಷನ್ನೇ ಎತ್ಕೊಂಡು ಹೋಗ್ತಾರೆ, ಅಲ್ಲಿ ಪಾಸ್‌ವರ್ಡೂ ಬೇಡ ಓಟಿಪಿನೂ ಬೇಡ.

ಜಾಹೀರಾತಿಗೆ ಕಾರ್ಡ್ ಹಾಕೋದಾದ್ರೆ ಲಿಮಿಟ್ ಕಮ್ಮಿ ಇರೋ ಬೇರೆ ಕಾರ್ಡ್ ಹಾಕಿ, ಒಳಗೆ ನುಗ್ಗಿದೋರು ನಿಮ್ಮ ದುಡ್ಡಲ್ಲೇ ಅವರ ಆ್ಯಡ್ ಓಡಿಸ್ತಾರೆ. ಪೇಜ್ ಆಗ್ಲೇ ಬೇರೆ ಯಾರೋ ಮಾಡಿಕೊಟ್ಟಾಗಿದ್ರೆ, ಅವರು ನಿಮ್ಮ ಹತ್ರ ಚೆನ್ನಾಗಿರೋವಾಗ್ಲೇ ಕೇಳಿ ಪೂರ್ತಿ ಕಂಟ್ರೋಲ್ ನಿಮ್ಮ ಹೆಸರಿಗೆ ಮಾಡಿಸ್ಕೊಳ್ಳಿ.