ಮನೆ ಬಿಟ್ಟು ಆಶ್ರಮ ಸೇರಲೇ?

ಪ್ರಶ್ನೆ: ನನಗೆ 76 ವರ್ಷ. ಯಜಮಾನರು ತೀರಿಕೊಂಡ ಮೇಲೆ ಒಬ್ಬಳೇ ಇದ್ದೇನೆ. ಹೋದ ತಿಂಗಳು ಬಚ್ಚಲಲ್ಲಿ ಜಾರಿ ಬಿದ್ದೆ. ಮೂಳೆ ಮುರಿಯಲಿಲ್ಲ, ಆದರೆ ಎದ್ದು ಕೂರಲು ತುಂಬಾ ಹೊತ್ತು ಹಿಡಿಯಿತು. ಅವತ್ತಿನಿಂದ ಮಗಳು ಫೋನಿನಲ್ಲಿ ದಿನಾ ಅಳುತ್ತಾಳೆ, ವೃದ್ಧಾಶ್ರಮ ಸೇರು ಎನ್ನುತ್ತಾಳೆ. ನನಗೆ ಮನೆ ಬಿಡಲು ಮನಸ್ಸಿಲ್ಲ. ಏನು ಮಾಡಲಿ?

ಉತ್ತರ: ಅಮ್ಮಾ, ಬಿದ್ದ ಭಯ ಇನ್ನೂ ಮೈಯಲ್ಲಿರುವಾಗ ಮನೆ ಬಿಡುವ ತೀರ್ಮಾನ ಬೇಡ. ನಾನು ಹಿರಿಯರ ಆಶ್ರಮಗಳಲ್ಲಿ ನರ್ಸ್ ಆಗಿದ್ದವಳು. ಗಾಬರಿಯಲ್ಲಿ ಬಂದು ಸೇರಿದವರು ಹೊಂದಿಕೊಳ್ಳಲು ಪಟ್ಟ ಪಾಡು ಕಣ್ಣಾರೆ ಕಂಡಿದ್ದೇನೆ. ಹಾಗಂತ ಸುಮ್ನೆ ಮುಂದೂಡುತ್ತಲೂ ಇರಬೇಡಿ. ಕೈಕಾಲು ಆಡುತ್ತಿರುವಾಗಲೇ ನೋಡಿಟ್ಟುಕೊಂಡರೆ ಆಯ್ಕೆ ನಿಮ್ಮ ಕೈಯಲ್ಲಿರುತ್ತದೆ, ಅಲ್ವಾ?

ಮೊದಲು ಯಾವ ಕೆಲಸಕ್ಕೆ ಆಸರೆ ಬೇಕು ಅಂತ ನೋಡಿಕೊಳ್ಳಿ. ಡಾಕ್ಟರ್ ಸಿಡ್ನಿ ಕಾಟ್ಜ್ 1963ರಲ್ಲಿ ಹೇಳಿದ ಲೆಕ್ಕ ಈಗಲೂ ಬಳಕೆಯಲ್ಲಿದೆ: ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಶೌಚಕ್ಕೆ ಹೋಗಿಬರುವುದು, ಹಾಸಿಗೆಯಿಂದ ಏಳುವುದು, ಮಲಮೂತ್ರದ ಹಿಡಿತ, ಊಟ. ಈ 6ರಲ್ಲಿ ಸ್ನಾನವೊಂದೇ ಕಷ್ಟ ಎಂದಾದರೆ ಬಚ್ಚಲ ಗೋಡೆಗೆ ಹಿಡಿಕೆ, ಜಾರದ ಮ್ಯಾಟು, ಬೆಳಿಗ್ಗೆ ಬಂದು ಹೋಗುವ ಸಹಾಯಕಿ ಸಾಕಾಗಬಹುದು. ರಾತ್ರಿ ಏಳಲೂ ಯಾರಾದರೂ ಹಿಡಿಯಬೇಕು ಎನ್ನುವ ಹಾಗಿದ್ದರೆ ಮಾತು ಬೇರೆ. ಬಿದ್ದದ್ದು ಯಾಕೆ ಅಂತ ಡಾಕ್ಟರಿಗೂ ತೋರಿಸಿ. ಬಿಪಿ ಮಾತ್ರೆ, ನಿದ್ದೆ ಮಾತ್ರೆಯಿಂದ ತಲೆಸುತ್ತು ಬರುವುದುಂಟು. ನೀವಾಗಿ ಮಾತ್ರ ನಿಲ್ಲಿಸಬೇಡಿ.

ಆಶ್ರಮ ನೋಡಲು ಹೋದರೆ ಅಂಗಳದ ಹೂಗಿಡ ನೋಡಿ ಬಂದುಬಿಡಬೇಡಿ. ಎರಡನೇ ಸಲ ಸಂಜೆ ಹೊತ್ತು, ಮೊದಲೇ ತಿಳಿಸದೆ ಹೋಗಿ. ರಾತ್ರಿ ಎಷ್ಟು ಜನ ಎಚ್ಚರ ಇರುತ್ತಾರೆ ಕೇಳಿ. ನಿಮಗೆ ಕೊಡುವ ಮಂಚದ ಮೇಲೆ ಮಲಗಿ, ಕರೆಗಂಟೆಗೆ ಕೈ ಚಾಚಿ. ಅದರ ವೈರನ್ನು ಮಂಚದ ಹಿಂದೆ ಮೊಳೆಗೆ ಸುತ್ತಿಟ್ಟ ಕೋಣೆಗಳನ್ನು ನಾನು ನೋಡಿದ್ದೇನೆ. ಮಲಗಿದವರಿಗೆ ಅದು ಎಟುಕುವುದೇ ಇಲ್ಲ. ಎಟುಕಿದರೆ ಒತ್ತಿ. ಯಾರು ಬರುತ್ತಾರೆ, ಎಷ್ಟು ಹೊತ್ತಿಗೆ ಬರುತ್ತಾರೆ ನೋಡಿ. ಸಿಬ್ಬಂದಿ ಪಕ್ಕದಲ್ಲಿ ಇಲ್ಲದಾಗ ಅಲ್ಲಿರುವ ಹಿರಿಯರ ಜೊತೆ ಕೂತು ಮಾತಾಡಿ.

ಮನಸ್ಸು ಒಪ್ಪಿದರೂ ಮೊದಲು ಒಂದು ತಿಂಗಳು ಇದ್ದು ನೋಡಿ. ಅಲ್ಲಿಯವರೆಗೆ ಮನೆ ಮಾರುವುದು, ಬಾಡಿಗೆಗೆ ಕೊಡುವುದು ಎರಡೂ ಬೇಡ. ಬಿಟ್ಟು ಬಂದರೆ ಠೇವಣಿ ವಾಪಸು ಸಿಗುತ್ತದಾ? ಮುಂದೆ ಹಾಸಿಗೆ ಹಿಡಿದರೆ, ಮರೆವು ಜಾಸ್ತಿಯಾದರೆ ಇಟ್ಟುಕೊಳ್ಳುತ್ತಾರಾ? ಬಾಯಿಮಾತು ನಂಬಬೇಡಿ, ಬರೆದು ಕೊಡಲಿ.

ಇನ್ನು ಮಗಳು. ಅಮ್ಮ ಬಿದ್ದರೆ ಯಾರಿಗೂ ಗೊತ್ತಾಗುವುದಿಲ್ಲವಲ್ಲ ಎನ್ನುವುದು ಆಕೆಯ ಸಂಕಟ. ಅದು ನ್ಯಾಯವಾದದ್ದೇ. ಪಕ್ಕದ ಮನೆಯವರ ಹತ್ತಿರ ಇನ್ನೊಂದು ಬೀಗದಕೈ, ಬೆಳಿಗ್ಗೆ ಸಂಜೆ ತಪ್ಪದೆ ಒಂದು ಫೋನು, ಕೊರಳಿಗೆ ಹಾಕಿಕೊಳ್ಳುವ ತುರ್ತು ಗುಂಡಿ, ಇಷ್ಟನ್ನು ಈ ವಾರವೇ ಮಾಡಿಸಿ. ಆಶ್ರಮ ನೋಡಲು ಹೋಗುವಾಗ ಆಕೆಯನ್ನೂ ಕರೆದುಕೊಂಡು ಹೋಗಿ. ಆದರೆ ಕೇಳಬೇಕಾದ್ದನ್ನೆಲ್ಲ ನೀವೇ ಕೇಳಿ.